ಮಣ್ಣಿಗೆ ಮರಳಬೇಕಾದ ಕಳೆ
ತಾಳೆಯ ಸಾಲಿನ ನಡುವಣ ಶುಂಠಿಗೆ ಹಸಿರು ರಸದ ಗೊಬ್ಬರ: ವನದುರ್ಗದ ನೆಲದಲ್ಲಿ ನಿಂತು ಒಂದು ವಿಚಾರ

ಸುರಪುರದ ನಾಯಕರ ಕಾಲದ ಕೋಟೆಯಿಂದ ಹೆಸರಾದ ಶಹಾಪುರ ತಾಲ್ಲೂಕಿನ ವನದುರ್ಗದ ಸುತ್ತಣ ಹೊಲಗಳನ್ನು ಮಳೆಗಾಲದ ನಡುವಿನಲ್ಲಿ ಅವಲೋಕಿಸಿದವರಿಗೆ ಅಲ್ಲಿ ಎರಡು ಬಗೆಯ ಬೆಳೆ ಒಟ್ಟೊಟ್ಟಿಗೆ ಕಾಣಿಸುತ್ತದೆ. ಒಂದು, ರೈತನು ಸಾಲ ಮಾಡಿ ಬೀಜ ತಂದು, ಬಿತ್ತಿ, ನೀರುಣಿಸಿ, ಆತಂಕದಿಂದ ಕಾಯುತ್ತಿರುವ ಹತ್ತಿ, ತೊಗರಿ, ಭತ್ತ, ಮೆಣಸಿನಕಾಯಿಗಳ ಬೆಳೆ; ಮತ್ತೊಂದು, ಯಾರೂ ಬಿತ್ತದೆ, ಯಾರೂ ಬಯಸದೆ, ಬದುವಿನ ಮೇಲೆಯೂ ಕಾಲುವೆಯ ಏರಿಯ ಮೇಲೆಯೂ ಬೆಳೆಯ ಸಾಲಿನ ಒಳಗೆಯೂ ಸೊಂಪಾಗಿ ಹಬ್ಬಿರುವ ಕಳೆಯ ಬೆಳೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಎಡದಂಡೆಯ ಕಾಲುವೆಗಳ ಮೂಲಕ ಈ ಸೀಮೆಗೆ ಹರಿದುಬಂದಂದಿನಿಂದ ಬಿತ್ತಿದ ಬೆಳೆಗೆ ಎಷ್ಟು ಬಲ ಬಂದಿತೋ ಬಿತ್ತದ ಕಳೆಗೂ ಅಷ್ಟೇ ಬಲ ಬಂದಿತು. ಮಳೆಯನ್ನೇ ನಂಬಿ ಜೋಳ, ಸಜ್ಜೆಗಳನ್ನು ಬೆಳೆಯುತ್ತಿದ್ದ ಕಾಲದಲ್ಲಿ ಬೇಸಿಗೆಯ ಬಿಸಿಲೇ ಕಳೆಯನ್ನು ಸುಟ್ಟುಬಿಡುತ್ತಿತ್ತು. ಈಗ ತೇವ ಆರದ ಕಾಲುವೆಯ ಬದಿಯಲ್ಲಿ ಬೇಶರಮದ ಪೊದೆ, ಬಸಿಗಾಲುವೆಯಲ್ಲಿ ಆಪು ಮತ್ತು ಅಂತರಗಂಗೆ, ಹೊಲದಲ್ಲಿ ಕಾಂಗ್ರೆಸ್ ಕಸ, ಜೇಕು, ಮುಳ್ಳುದಂಟು, ಉತ್ತರಾಣಿ ಇವು ವರ್ಷದ ಬಹುಭಾಗ ಹಸಿರಾಗಿಯೇ ಇರುತ್ತವೆ. “ಹೊಲ ನಮ್ಮದು, ರಾಜ್ಯ ಮಾತ್ರ ಕಸದ್ದು ಆಗ್ಯದ್ರಿ” ಎಂದು ಇಲ್ಲಿಯ ರೈತರು ಹೇಳಿದರೆ ಆ ಮಾತಿನಲ್ಲಿ ಅತಿಶಯವೇನೂ ಇಲ್ಲ.

ಆದರೆ ಈ ರಾಜ್ಯವನ್ನು ಕಟ್ಟಲು ಕಳೆಯು ಬಳಸಿಕೊಂಡ ದ್ರವ್ಯವಾದರೂ ಯಾವುದು? ರೈತನು ಬೆಳೆಗೆಂದು ಕೊಟ್ಟ ಯೂರಿಯಾದ ಸಾರಜನಕ, ಮಣ್ಣಿನ ಪೊಟ್ಯಾಷ್, ಕಾಲುವೆಯ ನೀರಿನಲ್ಲಿ ಕರಗಿ ಬಂದ ಲವಣಗಳು, ಇವೇ. ಬೇರು ಬಿಟ್ಟ ಕಡೆಯಿಂದ ಕಳೆಯು ಇವನ್ನು ಹೀರಿ ತನ್ನ ಎಲೆ ಕಾಂಡಗಳಲ್ಲಿ ಸಂಗ್ರಹಿಸಿಕೊಂಡಿರುತ್ತದೆ. ಅದನ್ನು ಕಿತ್ತು ಬದುವಿಗೆ ಎಸೆದರೆ, ಅಥವಾ ಒಣಗಿಸಿ ಬೆಂಕಿ ಹಚ್ಚಿದರೆ, ನಾವು ಹಾಳುಮಾಡುವುದು ನಮ್ಮದೇ ಹೊಲದ ಸತ್ವವನ್ನು. ಸುಟ್ಟ ಕಳೆಯ ಸಾರಜನಕವು ಹೊಗೆಯೊಡನೆ ಆಕಾಶಕ್ಕೆ ಹೋಗುತ್ತದೆ, ಬದುವಿಗೆ ಎಸೆದ ಕಳೆಯು ಬೀಜ ಉದುರಿಸಿ ಮರುವರ್ಷ ಇಮ್ಮಡಿಯಾಗಿ ಮರಳುತ್ತದೆ. ಆದಕಾರಣ ಕಳೆಯನ್ನು ಮಣ್ಣಿಗೆ ಹಿಂದಿರುಗಿಸುವ ಕ್ರಮವನ್ನು ಕಂಡುಕೊಳ್ಳುವುದು ಕೃಷಿಯ ಒಂದು ಮುಖ್ಯ ಪ್ರಶ್ನೆ. ಆ ಕ್ರಮಗಳಲ್ಲಿ ಒಂದಾದ ಕಳೆಯ ದ್ರವಗೊಬ್ಬರವನ್ನು, ಎಳೆಯ ತಾಳೆ ತೋಟದ ನಡುವಣ ಶುಂಠಿ ಬೆಳೆಗೆ ಅನ್ವಯಿಸಿ, ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇನೆ.

ಹಳೆಯ ವಿದ್ಯೆ, ಹೊಸ ಕಚ್ಚಾವಸ್ತು

ಸಾವಯವ ವಸ್ತುವನ್ನು ನೀರಿನಲ್ಲಿ ಕೊಳೆಯಿಸಿ ಆ ರಸವನ್ನು ಗಿಡಕ್ಕೆ ಉಣಿಸುವ ವಿದ್ಯೆ ನಮಗೆ ಪರದೇಶದಿಂದ ಬಂದುದಲ್ಲ. ಸುರಪಾಲನ ‘ವೃಕ್ಷಾಯುರ್ವೇದ’ವು ಕುಣಪಜಲವೆಂಬ ದ್ರವಗೊಬ್ಬರವನ್ನು ವರ್ಣಿಸುತ್ತದೆ, ಕಲ್ಯಾಣದ ಚಾಲುಕ್ಯ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿಯೂ ವೃಕ್ಷಾಯುರ್ವೇದಕ್ಕೆ ಮೀಸಲಾದ ಭಾಗವುಂಟು. ಹಳೆಯ ಕುಣಪಜಲದಲ್ಲಿ ಪ್ರಾಣಿಜನ್ಯ ವಸ್ತುಗಳಿಗೆ ಪ್ರಾಧಾನ್ಯವಿತ್ತು. ಇಂದಿನ ಸಾವಯವ ಕೃಷಿಕರು ಅದರ ಸ್ಥಾನದಲ್ಲಿ ಹಸಿರು ಸೊಪ್ಪನ್ನೂ ಕಳೆಯನ್ನೂ ಬಳಸಿ ಅದೇ ತತ್ತ್ವವನ್ನು ಮುಂದುವರಿಸಿದ್ದಾರೆ. ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ರಾಜ್ಯ. ಜೀವಾಮೃತ, ಎರೆಜಲ, ಪಂಚಗವ್ಯಗಳ ಹೆಸರನ್ನು ಕೇಳದ ರೈತನು ಇಂದು ವಿರಳ. ದೊಡ್ಡಬಳ್ಳಾಪುರದ ಬಳಿ ತೋಟ ಮಾಡಿಕೊಂಡಿದ್ದ ಎಲ್. ನಾರಾಯಣ ರೆಡ್ಡಿಯವರಂತಹ ಹಿರಿಯರು ಕಳೆಯನ್ನು ಶತ್ರುವೆಂದೆಣಿಸದೆ ಮಣ್ಣಿನ ಹೊದಿಕೆಯಾಗಿ ಕಾಣಬೇಕೆಂದು ತಮ್ಮ ಜೀವಿತದುದ್ದಕ್ಕೂ ಬೋಧಿಸಿದರು.

ಹೊರಗಿನ ಲೋಕದಲ್ಲಿ ಈ ಪ್ರಯೋಗಕ್ಕೆ ವಿಶೇಷವಾದ ನೆಲೆ ದೊರೆತುದು ತಾಳೆಯ ನಾಡಾದ ಇಂಡೊನೇಷಿಯದಲ್ಲಿ. ಪಶ್ಚಿಮ ಆಫ್ರಿಕದ ಮೂಲದ ಈ ಎಣ್ಣೆತಾಳೆಯ ನಾಲ್ಕು ಸಸಿಗಳನ್ನು 1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ನೆಟ್ಟರು; ಅವುಗಳ ಸಂತತಿಯೇ ಮುಂದೆ ಆಗ್ನೇಯ ಏಷ್ಯದ ವಿಶಾಲ ತೋಟಗಳಿಗೆ ತಾಯಿಬೇರಾಯಿತು. ಇಂದು ಜಗತ್ತಿನ ತಾಳೆ ಎಣ್ಣೆಯ ಬಹುಪಾಲು ಇಂಡೊನೇಷಿಯ ಮತ್ತು ಮಲೇಷಿಯಗಳಿಂದಲೇ ಬರುತ್ತದೆ. ಅಲ್ಲಿಯ ಸಣ್ಣ ಹಿಡುವಳಿದಾರನು ಮರಗಳು ಫಲಕ್ಕೆ ಬರುವ ತನಕ ಸಾಲಿನ ನಡುವೆ ಶುಂಠಿಯನ್ನು ಬೆಳೆದುಕೊಂಡು, ತೋಟದ ಕಳೆಯನ್ನು ಪೀಪಾಯಿಯಲ್ಲಿ ಹುದುಗಿಸಿ ಅದಕ್ಕೆ ಉಣಿಸುವ ಪದ್ಧತಿ ಉಂಟು. ನಮ್ಮ ನಾಡಿನ ರೈತನೂ ಈ ಮೂರನ್ನೂ ಒಂದೇ ಹೊಲದಲ್ಲಿ ಕೂಡಿಸಬಲ್ಲನೆ, ಕೂಡಿಸುವುದು ತಕ್ಕುದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ತಾಳೆಯ ಎಳೆಗಾಲ, ಶುಂಠಿಯ ಅವಕಾಶ

ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪರದೇಶದಿಂದ ಬರುವುದರಿಂದ, 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರವು 11,040 ಕೋಟಿ ರೂಪಾಯಿಗಳ ತಾಳೆ ಎಣ್ಣೆ ಅಭಿಯಾನವನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ ನೀರಾವರಿ ಅಚ್ಚುಕಟ್ಟುಗಳಲ್ಲಿ ತಾಳೆ ಬೆಳೆಯುವ ಯತ್ನ ಅದಕ್ಕೂ ಹಿಂದಿನದು. ಗಂಗಾವತಿಯಲ್ಲಿ ಈ ಬೆಳೆಯ ಸಂಶೋಧನೆ ನಡೆದಿದೆ. ರಾಷ್ಟ್ರಮಟ್ಟದ ಸಂಶೋಧನಾ ಸಂಸ್ಥೆ ನೆರೆಯ ಆಂಧ್ರದ ಪೆದವೇಗಿಯಲ್ಲಿದೆ. ತಾಳೆಯನ್ನು ಒಂಬತ್ತು ಮೀಟರಿನ ತ್ರಿಕೋನ ಅಂತರದಲ್ಲಿ ಹೆಕ್ಟೇರಿಗೆ 143ರಂತೆ ನೆಡುತ್ತಾರೆ. ನೆಟ್ಟ ಮೂರು ನಾಲ್ಕು ವರ್ಷ ಮರದಿಂದ ಆದಾಯವಿಲ್ಲ. ನೆಲವಾದರೋ ಬಹುಪಾಲು ಬಯಲಾಗಿಯೇ ಬಿದ್ದಿರುತ್ತದೆ. ಬಿಸಿಲೂ ನೀರೂ ಎರಡೂ ದೊರೆತ ಆ ಬಯಲಿನಲ್ಲಿ ರೈತನು ಏನನ್ನೂ ಬೆಳೆಯದಿದ್ದರೆ ಕಳೆ ಬೆಳೆದೇ ತೀರುತ್ತದೆ.

ಶುಂಠಿಯು ಈ ಎಡೆಯನ್ನು ತುಂಬಲು ಒಪ್ಪುವ ಬೆಳೆ. ಅದು ಸುಮಾರು ಕಾಲುಭಾಗದ ನೆರಳನ್ನು ಸಹಿಸುವುದು ಮಾತ್ರವಲ್ಲ, ಉರಿಬಿಸಿಲಿನ ಸೀಮೆಯಲ್ಲಿ ಅಂತಹ ನೆರಳನ್ನು ಬಯಸುತ್ತದೆ. ಎಂಟು ತಿಂಗಳಲ್ಲಿ ಗೆಡ್ಡೆ ಕೈಗೆ ಬರುತ್ತದೆ. ರೋಗದ ಭಯದಿಂದ ಒಂದೇ ಮಡಿಯಲ್ಲಿ ವರ್ಷವರ್ಷವೂ ಶುಂಠಿಯನ್ನು ಹಾಕಲಾಗದೆಂಬ ನಿಯಮವುಂಟಷ್ಟೆ; ತಾಳೆಯ ತೋಟದಲ್ಲಿ ಈ ವರ್ಷ ಒಂದು ಸಾಲಿನ ನಡುವೆ, ಮರುವರ್ಷ ಮತ್ತೊಂದು ಸಾಲಿನ ನಡುವೆ ಎಂದು ಅದನ್ನು ಸರಿಸುತ್ತ ಹೋದರೆ ಆ ನಿಯಮವೂ ಪಾಲನೆಯಾಗುತ್ತದೆ, ಮರದ ಎಳೆಗಾಲವೂ ಸಾಗುತ್ತದೆ. ಮರದ ಬುಡದ ಪಾತಿಯನ್ನು ಮೊದಲ ವರ್ಷ ಒಂದು, ಎರಡನೆಯ ವರ್ಷ ಎರಡು, ಮೂರನೆಯ ವರ್ಷ ಮೂರು ಮೀಟರ್ ತ್ರಿಜ್ಯದಷ್ಟು ತೆರವಾಗಿ ಬಿಟ್ಟು, ಉಳಿದ ಪಟ್ಟಿಯಲ್ಲಿ ಒಂದು ಮೀಟರ್ ಅಗಲ, ಒಂದು ಗೇಣಿನಷ್ಟು ಎತ್ತರದ ಮಡಿಗಳನ್ನು ಮಾಡಬೇಕು. ತಾಳೆಯ ಬೇರು ಆಳಕ್ಕಿಂತ ಅಗಲಕ್ಕೆ ಹರಡುವುದರಿಂದ ಪಾತಿಯೊಳಗೆ ಗುದ್ದಲಿ ಹಾಕುವುದು ಸಲ್ಲದು. ಶುಂಠಿಗೆ ಬಿಸಿಲು ಬೇಕೆಂದು ತಾಳೆಯ ಗರಿಯನ್ನು ಕಡಿಯುವುದಂತೂ ಮುಂದಿನ ಫಲವನ್ನೇ ಕಡಿದಂತೆ.

ಈ ಸೀಮೆಗೆ ಶುಂಠಿ ಅಪರಿಚಿತವೂ ಅಲ್ಲ. ಕಲ್ಯಾಣ ಕರ್ನಾಟಕದಲ್ಲಿಯೇ ಬೀದರದ ಕೆಂಪು ಜಂಬಿಟ್ಟಿಗೆ ನೆಲ ಶುಂಠಿಗೆ ಹೆಸರಾದುದು. ಹುಮನಾಬಾದಿನ ಸ್ಥಳೀಯ ತಳಿಯನ್ನು ಕೃಷಿಶಾಸ್ತ್ರಜ್ಞರು ತಮ್ಮ ತಳಿಗಳ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದಾರೆ. ಮಲೆನಾಡಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಗುತ್ತಿಗೆ ಹಿಡಿದ ಗದ್ದೆಗಳಲ್ಲಿ ರಾಸಾಯನಿಕಗಳನ್ನು ಮಿತಿಮೀರಿ ಸುರಿದು ಶುಂಠಿ ಬೆಳೆದು, ಭೂಮಿಯನ್ನು ಬಸವಳಿಸಿ ಮುಂದಕ್ಕೆ ಹೋಗುವ ಪದ್ಧತಿಯ ದುಷ್ಪರಿಣಾಮವನ್ನು ನಾಡು ಕಂಡಿದೆ. ಹೊಸದಾಗಿ ಶುಂಠಿಯತ್ತ ನೋಡುವವರು ಆ ಮಾರ್ಗವನ್ನು ಹಿಡಿಯದಿರಲೆಂಬುದೇ ಸಾವಯವ ಗೊಬ್ಬರದ ವಿಚಾರಕ್ಕೆ ಇಷ್ಟು ಮಹತ್ವ ಕೊಡಲು ಕಾರಣ.

ಪೀಪಾಯಿಯೊಳಗೆ ನಡೆಯುವುದೇನು?

ಕಳೆಯ ರಸವನ್ನು ತಯಾರಿಸುವ ಕ್ರಮ ಕಠಿನವಲ್ಲ. ಹೂ ಬಿಡುವ ಮೊದಲೇ ಕೊಯ್ದ ಕಳೆಯನ್ನು ನೆರಳಿನಲ್ಲಿ ಬಾಡಿಸಿ, ಬೆರಳುದ್ದ ಕತ್ತರಿಸಿ, ಇನ್ನೂರು ಲೀಟರಿನ ಪೀಪಾಯಿಗೆ ಸುಮಾರು ಅರುವತ್ತು ಕಿಲೋದಷ್ಟು ತುಂಬಿ, ಹತ್ತು ಕಿಲೋ ಹಸಿ ಸಗಣಿಯನ್ನೂ ಒಂದೆರಡು ಕಿಲೋ ಬೆಲ್ಲವನ್ನೂ ಕದಡಿ ಸೇರಿಸಿ, ಕಂಠದವರೆಗೆ ನೀರು ಹೊಯ್ದು, ಬಾಯಿಗೆ ಗೋಣಿತಾಟು ಕಟ್ಟಿ ನೆರಳಿನಲ್ಲಿಡಬೇಕು. ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಬೇಕು. ಎರಡು ಮೂರು ದಿನಗಳಲ್ಲಿ ಮೇಲೆ ಬಿಳಿಯ ನೊರೆ ಏಳುತ್ತದೆ. ಕೋಲು ಆಡಿಸಿದರೆ ಗುಳ್ಳೆಗಳು ಬುಳುಬುಳು ಎಂದು ಒಡೆಯುತ್ತವೆ. ಹಸಿಹುಲ್ಲಿನ ವಾಸನೆ ಹೋಗಿ ಮೂಗು ಮುಚ್ಚಿಸುವ ದುರ್ಗಂಧ ಬರುತ್ತದೆ. ಬೆಲ್ಲದ ಸಕ್ಕರೆಯನ್ನುಂಡು ಕೋಟಿಗಟ್ಟಲೆಯಾಗಿ ವೃದ್ಧಿಸಿದ ಸೂಕ್ಷ್ಮಜೀವಿಗಳು ಎಲೆಯ ಕೋಶಗಳನ್ನು ಒಡೆಯುತ್ತಿರುವುದರ ಕುರುಹು ಅದು. ಕೋಶರಸದಲ್ಲಿ ಕರಗಿಯೇ ಇರುವ ಪೊಟ್ಯಾಷ್ ಮೊದಲು ನೀರಿಗೆ ಇಳಿಯುತ್ತದೆ; ಪ್ರೋಟೀನಿನ ಸಾರಜನಕ ಅಮೋನಿಯವಾಗಿ ನಿಧಾನಕ್ಕೆ ಬರುತ್ತದೆ; ರಂಜಕವು ಅಲ್ಪ. ಮೂರು ವಾರ ಕಳೆಯುವ ಹೊತ್ತಿಗೆ ನೊರೆ ನಿಂತು, ನಾತ ಇಳಿದು, ರಸವು ಕಡುಗಂದು ಬಣ್ಣಕ್ಕೆ ತಿರುಗುತ್ತದೆ. ನಾರು ಮಾತ್ರ ತಳದಲ್ಲಿ ಉಳಿಯುತ್ತದೆ. ಆಗ ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಮಡಿಯ ಮಣ್ಣಿಗೆ ಉಣಿಸಬೇಕು. ನಾತ ಇಳಿಯುವ ಮುನ್ನವೇ ಅವಸರದಿಂದ ಹಾಕಿದ ಹಸಿ ರಸದ ಆಮ್ಲಗಳು ಎಳೆಬೇರನ್ನು ಸುಡುವ ಅಪಾಯವುಂಟು. ಆದುದರಿಂದ ಇಲ್ಲಿ ತಾಳ್ಮೆಯೇ ಮುಖ್ಯ ಪರಿಕರ.

ಪೀಪಾಯಿಯೊಳಗಿನ ಈ ಕ್ರಿಯೆಯನ್ನು ನಡೆಸಲು ಹೊರಗಿನಿಂದ ಸೂಕ್ಷ್ಮಜೀವಿಗಳ ಬಾಟಲಿಯನ್ನು ಕೊಂಡು ತರುವ ರೂಢಿಯೂ ಉಂಟು. ಜಪಾನಿನ ರ್ಯೂಕ್ಯೂ ವಿಶ್ವವಿದ್ಯಾಲಯದ ತೆರುವೊ ಹಿಗಾ ಅವರು 1980ರ ದಶಕದಲ್ಲಿ ರೂಪಿಸಿದ ಮಿಶ್ರಣವು ಏಷ್ಯದ ಹಲವೆಡೆ ಬಳಕೆಯಲ್ಲಿದೆ. ಆದರೆ ನಾಟಿ ಹಸುವೋ ಎಮ್ಮೆಯೋ ಕೊಟ್ಟಿಗೆಯಲ್ಲಿರುವ ವನದುರ್ಗದ ರೈತನಿಗೆ ಸಗಣಿಯೇ ಸಾಕು. ಈ ಕೆಲಸಕ್ಕೆ ಬೇಕಾದ ಜೀವಿಗಳು ಅದರಲ್ಲಿ ಬೇಕಾದಷ್ಟಿವೆ.

ಲೆಕ್ಕದ ಮಾತು

ಇಷ್ಟನ್ನು ಹೇಳಿ ನಿಲ್ಲಿಸಿದರೆ ರೈತನಿಗೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಶುಂಠಿಗೆ ಹೆಕ್ಟೇರಿಗೆ 25ರಿಂದ 30 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ 75 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್ ಬೇಕು; ಎಂದರೆ ಎಕರೆಗೆ ಸಾರಜನಕವೇ 30 ಕಿಲೋ. ಈಗ ಪೀಪಾಯಿಯನ್ನು ನೋಡೋಣ. ಅರುವತ್ತು ಕಿಲೋ ಹಸಿ ಕಳೆಯಲ್ಲಿ ನೂರಕ್ಕೆ ಎಂಬತ್ತೈದು ಪಾಲು ನೀರೆಂದು ಹಿಡಿದರೆ ಒಣವಸ್ತು ಒಂಬತ್ತು ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ ಎರಡೂವರೆಯೆಂದರೆ 225 ಗ್ರಾಂ. ಅರ್ಧವು ರಸಕ್ಕೆ ಇಳಿಯಿತೆಂದು ಉದಾರವಾಗಿ ಎಣಿಸಿದರೂ ಒಂದು ಪೀಪಾಯಿಯಿಂದ ದೊರೆಯುವುದು ನೂರು ಗ್ರಾಮಿನ ಆಸುಪಾಸು. ಎಕರೆಯ ಮೂವತ್ತು ಕಿಲೋವನ್ನು ರಸದಿಂದಲೇ ತುಂಬಿಸಹೊರಟರೆ ಮುನ್ನೂರು ಪೀಪಾಯಿಗಳು ಬೇಕು. ಇದು ಯಾವ ಕುಟುಂಬಕ್ಕೂ ಸಾಧ್ಯವಾದ ಮಾತಲ್ಲ. ರೊಟ್ಟಿಯ ಪಕ್ಕದ ಶೇಂಗಾ ಚಟ್ನಿ ಊಟಕ್ಕೆ ರುಚಿಯನ್ನೂ ಕಸುವನ್ನೂ ಕೊಡುವುದಾದರೂ ಬರಿಯ ಚಟ್ನಿಯಿಂದ ಹೊಟ್ಟೆ ತುಂಬದು. ಕಳೆಯ ರಸದ ಸ್ಥಾನವೂ ಅಂತಹುದೇ.

ಹಾಗಾದರೆ ರೊಟ್ಟಿ ಯಾವುದು? ಅದೂ ಕಳೆಯೇ; ಆದರೆ ಪೀಪಾಯಿಯ ಕಳೆಯಲ್ಲ, ಮಡಿಯ ಮೇಲಿನ ಕಳೆ. ಶುಂಠಿಯ ಕೃಷಿಯಲ್ಲಿ ಮುಚ್ಚಿಗೆಗೆ ಇರುವಷ್ಟು ಪ್ರಾಮುಖ್ಯ ಬೇರೆ ಯಾವುದಕ್ಕೂ ಇಲ್ಲ. ನೆಟ್ಟ ಕೂಡಲೇ ಹೆಕ್ಟೇರಿಗೆ 10ರಿಂದ 12 ಟನ್ ಹಸಿರೆಲೆಯನ್ನು ಹೊದಿಸಿ, ಸುಮಾರು 45 ಹಾಗೂ 90 ದಿನಗಳಿಗೆ ಮತ್ತೆ ಹೊದಿಸಬೇಕೆಂಬುದು ಶಾಸ್ತ್ರದ ವಿಧಿ. ಎಕರೆಗೆ ನಾಲ್ಕೂವರೆ ಟನ್ ಹಸಿ ಕಳೆಯನ್ನು ಮೊದಲ ಹೊದಿಕೆಯಾಗಿ ಹಾಸಿದರೆ, ಮೇಲಿನದೇ ಲೆಕ್ಕದಂತೆ, ಸುಮಾರು ಹದಿನೇಳು ಕಿಲೋ ಸಾರಜನಕ ಮಣ್ಣಿನ ಮೇಲೆ ಬಿದ್ದಂತಾಯಿತು. ಅದೆಲ್ಲವೂ ಒಂದೇ ಋತುವಿನಲ್ಲಿ ಬೆಳೆಗೆ ದಕ್ಕದಿದ್ದರೂ ನೆಲದಲ್ಲಿಯೇ ಉಳಿಯುತ್ತದೆ, ಮುಂದೆ ತಾಳೆಯ ಬೇರಿಗೆ ಸಲ್ಲುತ್ತದೆ. ಜೊತೆಗೆ ಮಣ್ಣನ್ನು ತಂಪಾಗಿಡುತ್ತದೆ, ತೇವ ಆರದಂತೆ ಕಾಯುತ್ತದೆ, ಹೊಸ ಕಳೆ ಮೊಳೆಯದಂತೆ ತಡೆಯುತ್ತದೆ. ಆದುದರಿಂದ ಕಳೆಯ ಹೆಚ್ಚಿನ ಪಾಲು ಮಡಿಯ ಹೊದಿಕೆಗೆ ಹೋಗಲಿ. ಉಳಿದ ಚಿಕ್ಕ ಪಾಲು ಪೀಪಾಯಿಗೆ ಹೋಗಲಿ. ಸೋಸಿದ ಮೇಲೆ ಉಳಿದ ನಾರು ತಿಪ್ಪೆಗೆ ಸೇರಲಿ. ಮೊದಲ ಮರಿ ಎಲೆಗಳು ಬಿಚ್ಚಿ ಗೆಡ್ಡೆ ಕವಲೊಡೆಯುವ ಆ 45 ಮತ್ತು 90 ದಿನಗಳ ಆಸುಪಾಸಿನಲ್ಲಿ, ಮೇಲುಗೊಬ್ಬರ ಕೊಡುವ ಹೊತ್ತಿಗೆ, ಬೇರಿಗೆ ಕೂಡಲೇ ಸಿಗುವ ಆಹಾರವಾಗಿಯೂ ಮಣ್ಣಿನ ಜೀವಿಗಳಿಗೆ ಚೇತನವಾಗಿಯೂ ರಸವು ಒದಗುತ್ತದೆ. ಇದರ ಯೋಗ್ಯತೆ ಇಷ್ಟು, ಇಷ್ಟೂ ಕಡಿಮೆಯೇನಲ್ಲ.

ಎಚ್ಚರಿಕೆ ಬೇಕಾದ ಎಡೆಗಳು

ಎಲ್ಲ ಕಳೆಯೂ ಎಲ್ಲ ಕಾಲಕ್ಕೂ ಯೋಗ್ಯವಲ್ಲ. 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿದ, ಅದನ್ನು ಮೇಯಲೆಂದು ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರೂ ಅಳಿಯದ ಕಾಂಗ್ರೆಸ್ ಕಸವು ಒಂದೊಂದು ಗಿಡಕ್ಕೆ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಂದ ಮೇಲೆ ಅದನ್ನು ಮಡಿಗೆ ಹಾಸುವುದು ಮರುವರ್ಷದ ಕಳೆಯನ್ನು ಕೈಯಾರೆ ಬಿತ್ತಿದಂತೆ. ಅದನ್ನು ಮುಟ್ಟಿದರೆ ಚರ್ಮ ತುರಿಸಿ ಊದಿಕೊಳ್ಳುವವರು, ಉಬ್ಬಸ ಬರುವವರು ಹಲವರಿರುವುದರಿಂದ, ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಕೈಗವಸು ಕೊಡುವುದು ಹೊಲದೊಡೆಯನ ಧರ್ಮ. ಜೇಕಿನ ಗೆಡ್ಡೆ ಕೊಳೆಯದೆ ಮತ್ತೆ ಚಿಗುರುತ್ತದೆ. ಕಳೆನಾಶಕ ಸಿಂಪಡಿಸಿದ ಕಳೆಯನ್ನು ಪೀಪಾಯಿಗೆ ಹಾಕಲೇಬಾರದು. ಊರಿನ ಕೊಳಚೆ ಹರಿಯುವ ಚರಂಡಿಯ ಅಂತರಗಂಗೆ ಭಾರಲೋಹಗಳನ್ನು ಹೀರಿಕೊಂಡಿರಬಹುದಾದ್ದರಿಂದ ಅದೂ ವರ್ಜ್ಯ. ಶುದ್ಧ ಕಾಲುವೆಯ ಅಂತರಗಂಗೆಯಾದರೆ ಪೊಟ್ಯಾಷಿನಿಂದ ಸಮೃದ್ಧವಾದ ಉತ್ತಮ ವಸ್ತು.

ಎಲ್ಲಕ್ಕಿಂತ ದೊಡ್ಡ ಭಯ ರೋಗದ್ದು. ಗೆಡ್ಡೆಕೊಳೆ ಬಂದ ಶುಂಠಿಯ ಎಲೆ ಕೆಳಗಿನಿಂದ ಹಳದಿಯಾಗುತ್ತ ಬರುತ್ತದೆ. ಕಾಂಡವನ್ನು ಮೆಲ್ಲನೆ ಎಳೆದರೆ ಬುಡದಲ್ಲಿ ಮೆತ್ತಗಾಗಿ ಕಿತ್ತು ಬರುತ್ತದೆ. ದುಂಡಾಣುವಿನಿಂದ ಸೊರಗುವ ರೋಗವಾದರೆ, ಕತ್ತರಿಸಿದ ಕಾಂಡವನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟೊಡನೆ ಹಾಲಿನಂತಹ ಬಿಳಿಯ ಎಳೆ ನೀರಿಗೆ ಇಳಿಯುತ್ತದೆ. ಈ ದುಂಡಾಣು ಬದನೆಯ ಜಾತಿಗೆ ಸೇರಿದ ಕಳೆಗಳಲ್ಲಿಯೂ ಅಡಗಿರಬಲ್ಲದು. ಆದುದರಿಂದ ರೋಗ ಕಂಡ ಹೊಲದ ಕಳೆಯನ್ನಾಗಲಿ ಆ ಜಾತಿಯ ಗಿಡಗಳನ್ನಾಗಲಿ ರಸಕ್ಕೆ ಬಳಸುವುದು ರೋಗವನ್ನೇ ಪೀಪಾಯಿಯಲ್ಲಿ ಹೊತ್ತು ತಂದು ಮಡಿಮಡಿಗೂ ಹಂಚಿದಂತೆ. ರಸವು ರೋಗವನ್ನು ವಾಸಿಮಾಡುತ್ತದೆಂದು ಹೇಳುವವರ ಮಾತಿಗೆ ರೈತನು ಕಿವಿಗೊಡದಿರಲಿ. ಶುಂಠಿಯನ್ನು ಕಾಯುವುದು ರೋಗರಹಿತ ಬೀಜ, ನೀರು ನಿಲ್ಲದ ಮಡಿ, ಬೆಳೆಯ ಸರದಿ, ಈ ಮೂರೇ.

ವನದುರ್ಗಕ್ಕೆ ಸಲ್ಲುವ ತೀರ್ಪು

ಕೊನೆಯಲ್ಲಿ ನೆಲದ ಪ್ರಶ್ನೆಗೆ ಬರಬೇಕು. ನೀರು ನಿಂತರೆ ಶುಂಠಿ ಬದುಕದು. ಆದುದರಿಂದ ಈ ಸೀಮೆಯ ಅಂಟುವ ಎರೆಭೂಮಿ ಅದಕ್ಕೆ ಹೇಳಿದ್ದಲ್ಲ, ಗುಡ್ಡದ ತಪ್ಪಲಿನ ಬಸಿಯುವ ಮಸಬು ಮಣ್ಣೇ ಬೇಕು. ಕಾಲುವೆಯ ಅತಿನೀರಿನಿಂದ ಸವಳು ಜವಳಾದ ಹೊಲಗಳಲ್ಲಿ ಶುಂಠಿಯೂ ಬೇಡ. ಲವಣವನ್ನೇ ಹೊತ್ತ ಕಳೆಯ ರಸವಂತೂ ಬೇಡವೇ ಬೇಡ. ತಾಳೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ವಿವೇಕ ಬೇಕು. ಬೆಳೆದ ಮರಕ್ಕೆ ದಿನಕ್ಕೆ 150ರಿಂದ 200 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲುತ್ತದೆ, ಬಿಸಿಲು ನಲವತ್ತು ಡಿಗ್ರಿಯನ್ನು ದಾಟುತ್ತದೆ. ಕೊಯ್ದ ಗೊನೆ ಇಪ್ಪತ್ತನಾಲ್ಕು ಗಂಟೆಯೊಳಗೆ ಗಿರಣಿಗೆ ಮುಟ್ಟದಿದ್ದರೆ ಎಣ್ಣೆ ಕೆಡುತ್ತದೆ. ಸ್ವಂತ ಕೊಳವೆಬಾವಿಯ ಭರವಸೆಯೂ ಗಿರಣಿಯ ಸಾಮೀಪ್ಯವೂ ಇಲ್ಲದವನು ಸಹಾಯಧನವೊಂದನ್ನೇ ನೋಡಿ ತಾಳೆ ನೆಡುವುದು ಸಾಹಸವಾದೀತೇ ಹೊರತು ಕೃಷಿಯಾಗಲಾರದು. ಅಂತಹವನಿಗೆ ನುಗ್ಗೆಯೋ ಪಪ್ಪಾಯಿಯೋ ನೆರಳು ಕೊಡುವ ಬೇರೆ ಬೆಳೆಯೋ ಶುಂಠಿಯ ಜೊತೆಗೆ ಹೆಚ್ಚು ಕ್ಷೇಮ. ಕಳೆಯ ರಸದ ಪ್ರಯೋಗ ಅಲ್ಲಿಯೂ ಹಾಗೆಯೇ ನಡೆಯಬಲ್ಲದು.

ವನದುರ್ಗಕ್ಕೆ ಬಹುದೂರವಲ್ಲದ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಂದು ಮಸಬು ಹೊಲದಲ್ಲಿ, ಬರಿಯ ಕೊಟ್ಟಿಗೆ ಗೊಬ್ಬರದ ಮಡಿ, ಕಳೆಯ ಹೊದಿಕೆಯ ಮಡಿ, ಹೊದಿಕೆಯೊಡನೆ ರಸವನ್ನೂ ಉಣಿಸಿದ ಮಡಿ ಎಂದು ಮೂರು ಬಗೆಯನ್ನು ಪಕ್ಕಪಕ್ಕದಲ್ಲಿಟ್ಟು, ರೈತರ ಕಣ್ಣೆದುರಿಗೆ ಗೆಡ್ಡೆ ಅಗೆದು ತೂಗಿ ತೋರಿಸುವ ಕೆಲಸವನ್ನು ಆ ಸಂಸ್ಥೆಗಳು ಕೈಗೊಂಡರೆ ಈ ಸೀಮೆಗೆ ದೊಡ್ಡ ಉಪಕಾರವಾದೀತು. ರೈತರೂ ತೋಟವನ್ನೆಲ್ಲ ಒಮ್ಮೆಗೇ ಪಣಕ್ಕೊಡ್ಡದೆ ಒಂದು ಪಟ್ಟಿಯಲ್ಲಿ ನೋಡಿ, ತೂಗಿ, ಬರೆದಿಟ್ಟು, ಬಳಿಕ ಮುಂದುವರಿಯಲಿ. ಆದರೆ ಒಂದು ಕೆಲಸಕ್ಕೆ ಪ್ರಯೋಗದ ಫಲಿತಾಂಶಕ್ಕಾಗಿ ಕಾಯಬೇಕಾದುದಿಲ್ಲ, ತಾಳೆಯೂ ಬೇಕಿಲ್ಲ, ಶುಂಠಿಯೂ ಬೇಕಿಲ್ಲ: ಕಿತ್ತ ಕಳೆಯನ್ನು ಸುಡುವುದನ್ನು ಈ ಮುಂಗಾರಿನಿಂದಲೇ ನಿಲ್ಲಿಸಿ. ಅದು ನಿಮ್ಮ ಹೊಲದಿಂದ ಬಂದುದು. ನಿಮ್ಮ ಹೊಲಕ್ಕೇ ಸಲ್ಲಬೇಕಾದುದು.